ಸೋತದ್ದು ಸಿನಿಮಾ, ಶಿಕ್ಷೆ ಹುಡುಗಿಗೆ

ಸಿನಿಮಾ ನೋಡುವುದು ಒಂದು ಕೆಲಸ, ಸಿನಿಮಾದ ಜಮಾಖರ್ಚು ಬರೆಯುವುದು ಇನ್ನೊಂದು ಕೆಲಸ. ಮೊದಲನೆಯದು ಪ್ರೇಕ್ಷಕರದ್ದು, ಎರಡನೆಯದು ನಿರ್ಮಾಪಕರ ಗುಮಾಸ್ತರದ್ದು. ಇತ್ತೀಚಿನ ವರ್ಷಗಳಲ್ಲಿ ಪ್ರೇಕ್ಷಕರೇ ಸಂಬಳವಿಲ್ಲದ ಗುಮಾಸ್ತರಾಗಿಬಿಟ್ಟಿದ್ದಾರೆ. ಅರಕಲಗೂಡು ತಾಲ್ಲೂಕಿನ ನಮ್ಮ ಕೊಣನೂರಿನಂಥ ಹೋಬಳಿ ಊರಿನಲ್ಲೂ ‘ಪಿಕ್ಚರ್ ಹೆಂಗೈತೆ?’ ಎಂಬ ಪ್ರಶ್ನೆ ಹಿಂದೆ ಸರಿದು ‘ಎಷ್ಟು ಮಾಡ್ತು?’ ಎಂಬ ಪ್ರಶ್ನೆ ಮುಂದೆ ಬಂದಿದೆ. ಮೊದಲ ದಿನ ಎಷ್ಟು ಕೋಟಿ, ಭಾನುವಾರಕ್ಕೆ ಎಷ್ಟಾಯಿತು, ಸೋಮವಾರ ಎಷ್ಟು ಬಿತ್ತು ಎಂಬುದು ಹುಡುಗರ ನಾಲಗೆಯ ತುದಿಯಲ್ಲಿರುತ್ತದೆ. ಮೊದಲು ನಮ್ಮದೇ ಸ್ಟಾರುಗಳ ಚಿತ್ರಗಳಿಗೆ ಮೀಸಲಾಗಿದ್ದ ಈ ಚಾಳಿ ಈಗ ಅಮೆರಿಕದ ಕಾಮಿಕ್ಸ್ ಪುಸ್ತಕಗಳಿಂದ ಹುಟ್ಟಿದ ಚಿತ್ರಗಳಿಗೂ ಹಬ್ಬಿದೆ. ಆ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ನೋಡಬೇಕೆಂದರೆ ನಾವು ಮೈಸೂರಿನ ಮಾಲಿಗೆ ಹೋಗಬೇಕು. ಅವುಗಳ ಲೆಕ್ಕ ಮಾತ್ರ ಮೊಬೈಲಿನಲ್ಲಿ ಮನೆಬಾಗಿಲಿಗೇ ಬರುತ್ತದೆ.

ಲೆಕ್ಕ ಬಂದರೆ ಬರಲಿ, ಅದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಕೆಲವು ಲೆಕ್ಕಗಳು ಲೆಕ್ಕವಾಗಿ ಉಳಿಯುವುದಿಲ್ಲ, ತೀರ್ಪಾಗುತ್ತವೆ ಎಂಬುದೇ ನಮ್ಮ ತಕರಾರು. ಅದಕ್ಕೆ ‘ದಿ ಮಾರ್ವೆಲ್ಸ್’ ಎಂಬ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2023ರ ನವೆಂಬರ್ 10ರಂದು ಬಿಡುಗಡೆಯಾದ ಈ ಚಿತ್ರಕ್ಕೆ ಡಿಸ್ನಿ ಕಂಪನಿ 20 ಕೋಟಿ ಡಾಲರಿಗೂ ಹೆಚ್ಚು ಸುರಿದಿತ್ತು. ಜಗತ್ತಿನಾದ್ಯಂತ ಅದು ಗಳಿಸಿದ್ದು ಸುಮಾರು 20.6 ಕೋಟಿ ಡಾಲರ್. ಟಿಕೆಟ್ ಹಣದ ಅರ್ಧದಷ್ಟು ಥಿಯೇಟರಿನವರಿಗೇ ಹೋಗುವುದರಿಂದ ಇದು ದೊಡ್ಡ ನಷ್ಟ. ಮಾರ್ವೆಲ್ ಸ್ಟುಡಿಯೋದ ಸರಣಿಯಲ್ಲೇ ಅತಿ ಕಡಿಮೆ ಗಳಿಸಿದ ಚಿತ್ರವೆಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿತು. ಡಿಸೆಂಬರಿನ ಹೊತ್ತಿಗೆ ಡಿಸ್ನಿ ಅದರ ವಾರದ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು. ‘ಮಕಾಡೆ ಮಲ್ಕಂತು’ ಎಂದು ನಮ್ಮ ಹುಡುಗರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸುಳ್ಳು ಶುರುವಾದದ್ದು ಮುಂದಿನ ವಾಕ್ಯದಲ್ಲಿ. ಯಾಕೆ ಸೋತಿತು? ‘ಮೂರು ಜನ ಹೆಂಗಸರನ್ನು ಹಾಕಿಕೊಂಡರೆ ಇನ್ನೇನಾಗುತ್ತೆ?’ ಆ ಮೂವರಲ್ಲಿ ಒಬ್ಬಳು ಬಿಳಿಯಳು, ಒಬ್ಬಳು ಕಪ್ಪು ಹೆಂಗಸು, ಇನ್ನೊಬ್ಬಳು ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಮುಸ್ಲಿಮ್ ಹುಡುಗಿ. ನಿರ್ದೇಶಕಿ ನಿಯಾ ಡಕೋಸ್ಟಾ ಕಪ್ಪು ಹೆಂಗಸು. ಸಮಾನತೆಯ ಗೀಳು ಹತ್ತಿಸಿಕೊಂಡವರು ದಿವಾಳಿಯಾಗುತ್ತಾರೆಂಬ ಅರ್ಥದ ಘೋಷಣೆಯೊಂದು ಅಮೆರಿಕದ ಅಭಿಮಾನಿ ಬಳಗದಲ್ಲಿ ಆಗಲೇ ಚಾಲ್ತಿಯಲ್ಲಿತ್ತು. ಅದು ಸಮುದ್ರ ದಾಟಿ, ಘಟ್ಟ ಹತ್ತಿ, ಹಾಸನ ಜಿಲ್ಲೆಯ ಹುಡುಗರ ಬಾಯಿಗೂ ಬಂತು. ಕಮಲಾ ಖಾನಳ ಒಂದು ಕಾಮಿಕ್ಸ್ ಪುಟವನ್ನೂ ತಿರುವಿ ನೋಡದವರು, ಚಿತ್ರವನ್ನು ಐದು ನಿಮಿಷವೂ ನೋಡದವರು ಅವಳ ಸೋಲಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಿದರು.

ಈಗ ಇನ್ನೊಂದು ಲೆಕ್ಕ ಇಡೋಣ. 2019ರಲ್ಲಿ ಎರಡು ಕಾಮಿಕ್ಸ್ ಚಿತ್ರಗಳು ಬಂದವು. ಒಂದು ‘ಕ್ಯಾಪ್ಟನ್ ಮಾರ್ವೆಲ್’. ಅದರ ನಾಯಕಿ ಹೆಣ್ಣು, ಗಳಿಕೆ ಸುಮಾರು 113 ಕೋಟಿ ಡಾಲರ್. ಇನ್ನೊಂದು ‘ಜೋಕರ್’. ಅದರ ನಾಯಕ ಗಂಡು, ಗಳಿಕೆ ಸುಮಾರು 107 ಕೋಟಿ ಡಾಲರ್. ಎರಡಕ್ಕೂ ಮುಂದಿನ ಭಾಗಗಳು ಬಂದವು. ಮೊದಲನೆಯದರ ಮುಂದಿನ ಭಾಗವೇ ‘ದಿ ಮಾರ್ವೆಲ್ಸ್’, ಗಳಿಕೆ 20.6 ಕೋಟಿ. ‘ಜೋಕರ್’ ಚಿತ್ರದ ಎರಡನೆಯ ಭಾಗ 2024ರ ಅಕ್ಟೋಬರಿನಲ್ಲಿ ಬಂತು, ಗಳಿಕೆ ಸುಮಾರು 20.7 ಕೋಟಿ. ಅದಕ್ಕೂ ಹೆಚ್ಚುಕಡಿಮೆ 20 ಕೋಟಿ ಡಾಲರ್ ಖರ್ಚಾಗಿತ್ತು. ಏರಿದ ಎತ್ತರ ಒಂದೇ, ಬಿದ್ದ ಆಳವೂ ಒಂದೇ. ತಕ್ಕಡಿಯಲ್ಲಿ ತೂಗಿದರೆ ಮುಳ್ಳು ಅಲುಗುವುದಿಲ್ಲ.

ಆದರೆ ಎರಡು ಸೋಲುಗಳ ಚರ್ಚೆ ಹೇಗೆ ನಡೆಯಿತು ನೋಡಿ. ಜೋಕರ್ ಸೋತಾಗ, ಹಾಡು ಜಾಸ್ತಿಯಾಯಿತು ಎಂದರು, ಮೊದಲ ಭಾಗವನ್ನು ಮೆಚ್ಚಿದವರನ್ನೇ ನಿರ್ದೇಶಕ ಅಣಕಿಸಿದ ಎಂದರು, ಕೋರ್ಟಿನ ದೃಶ್ಯಗಳು ಎಳೆದಾಡಿದವು ಎಂದರು. ಎಲ್ಲವೂ ಚಿತ್ರದ ಬಗೆಗಿನ ಮಾತುಗಳೇ. ಬಿಳಿ ಗಂಡಸರನ್ನು ನಾಯಕರನ್ನಾಗಿ ಮಾಡಿದರೆ ಜನ ಬರುವುದಿಲ್ಲ ಎಂದು ಯಾರಾದರೂ ಹೇಳಿದರೇ? 2023ರ ಜೂನಿನಲ್ಲಿ ‘ದಿ ಫ್ಲ್ಯಾಶ್’ ಚಿತ್ರವೂ ಸುಮಾರು 20 ಕೋಟಿ ಡಾಲರ್ ನುಂಗಿ, 27 ಕೋಟಿಯ ಹತ್ತಿರ ಗಳಿಸಿ ಮುಗ್ಗರಿಸಿತು. ಗಂಡಸರ ಕಥೆಗಳನ್ನು ಇನ್ನು ಸಾಕುಮಾಡಿ ಎಂಬ ಸಲಹೆ ಆಗಲೂ ಬರಲಿಲ್ಲ. ಅವರು ಸೋತರೆ ಸೋಲುವುದು ಒಂದು ಚಿತ್ರ. ಇವಳು ಸೋತರೆ ಸೋಲುವುದು ಇವಳ ಇಡೀ ಕುಲ. ನಮ್ಮ ದೇಶದ ದಲಿತರಿಗೆ, ಮುಸ್ಲಿಮರಿಗೆ, ಹೆಣ್ಣುಮಕ್ಕಳಿಗೆ ಈ ಲೆಕ್ಕಶಾಸ್ತ್ರ ಹೊಸದಲ್ಲ. ಒಬ್ಬ ಮೇಲ್ಜಾತಿಯ ಅಧಿಕಾರಿ ತಪ್ಪು ಮಾಡಿದರೆ ಅದು ಅವನ ತಪ್ಪು. ಮೀಸಲಾತಿಯಲ್ಲಿ ಬಂದವನು ಅದೇ ತಪ್ಪು ಮಾಡಿದರೆ ಅದು ಮೀಸಲಾತಿಯ ತಪ್ಪು.

ನಮ್ಮ ಓದುಗರಲ್ಲಿ ಹಳಬರಿಗೆ ಫ್ಯಾಂಟಮ್ ನೆನಪಿರಬಹುದು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಆ ನಡೆದಾಡುವ ಭೂತ, 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಕನ್ನಡಕ್ಕೂ ಬಂದ. ಕಪ್ಪು ಜನರ ಕಾಡಿನಲ್ಲಿ ಬಿಳಿಯ ದೊರೆಯೊಬ್ಬ ತಲೆತಲಾಂತರದಿಂದ ನ್ಯಾಯ ಹಂಚುವ ಆ ಕಥೆಯನ್ನು ನಾವು ಪ್ರಶ್ನೆಯಿಲ್ಲದೆ ಓದಿದೆವು. ಭಾರತದ ಆವೃತ್ತಿಯಲ್ಲಿ ಆ ಕಾಡಿಗೆ ಡೆಂಕಾಲಿ ಎಂದು ಹೆಸರು. ನಮ್ಮ ಹುಡುಗರು ಕಾವೇರಿ ದಡದ ತೋಪುಗಳಲ್ಲೇ ಡೆಂಕಾಲಿಯನ್ನು ಕಂಡರು. 1996ರಲ್ಲಿ ಹಾಲಿವುಡ್ ಆ ಕಥೆಯನ್ನು ಚಿತ್ರ ಮಾಡಿತು. ಸುಮಾರು 4.5 ಕೋಟಿ ಡಾಲರ್ ಖರ್ಚಾದ ಅದು ಅಮೆರಿಕದಲ್ಲಿ 1.7 ಕೋಟಿಯಷ್ಟೇ ಗಳಿಸಿ ಮಲಗಿತು. ಅದರ ಸೋಲಿನಿಂದ ಯಾವ ಬಿಳಿ ನಾಯಕನ ಕೆಲಸವೂ ಹೋಗಲಿಲ್ಲ. ಸೋಲುವ ಹಕ್ಕು ಕೂಡ ಒಂದು ಸವಲತ್ತು. ಮತ್ತೆ ಮತ್ತೆ ಸೋತು ಮತ್ತೆ ಮತ್ತೆ ಅವಕಾಶ ಪಡೆಯುವ ಆ ಸವಲತ್ತು ಎಲ್ಲರಿಗೂ ಸಿಕ್ಕಿಲ್ಲ.

ಹಾಗಾದರೆ ‘ದಿ ಮಾರ್ವೆಲ್ಸ್’ ಒಳ್ಳೆಯ ಚಿತ್ರವೇ? ನಮ್ಮ ಮಟ್ಟಿಗೆ ಅದೊಂದು ಸಾಧಾರಣ ಚಿತ್ರ. ಕಥೆ ಅರ್ಥವಾಗಬೇಕೆಂದರೆ ಹಿಂದಿನ ಒಂದು ಸಿನಿಮಾ, ಎರಡು ಧಾರಾವಾಹಿ ನೋಡಿರಬೇಕು. ಖಳನಾಯಕಿಯ ಪಾತ್ರಕ್ಕೆ ಜೀವವಿಲ್ಲ. ಒಂದೂಮುಕ್ಕಾಲು ಗಂಟೆಯ ಚಿತ್ರದಲ್ಲಿ ಎಲ್ಲವೂ ಗಡಿಬಿಡಿ. ಇದರ ಜೊತೆಗೆ ಬೇರೆ ಕಾರಣಗಳೂ ಇದ್ದವು. ನಟರ ಸಂಘದ ಮುಷ್ಕರ 2023ರ ಜುಲೈ 14ರಿಂದ ನವೆಂಬರ್ 9ರವರೆಗೆ ನಡೆಯಿತು. ಮುಷ್ಕರದ ನಿಯಮದಂತೆ ನಟಿಯರು ಚಿತ್ರದ ಪ್ರಚಾರಕ್ಕೆ ಹೋಗುವಂತಿರಲಿಲ್ಲ. ಮುಷ್ಕರ ಮುಗಿದ ಮರುದಿನವೇ ಚಿತ್ರ ಬಿಡುಗಡೆ. ಇಂಥ ಚಿತ್ರಗಳು ಕೆಲವೇ ವಾರಗಳಲ್ಲಿ ಮನೆಯ ಟಿವಿಗೆ ಬರುತ್ತವೆಂಬ ಅಭ್ಯಾಸವನ್ನು ಜನರಿಗೆ ಹಿಡಿಸಿದ್ದು ಡಿಸ್ನಿಯೇ. ವರ್ಷಕ್ಕೆ ಮೂರು ಸಿನಿಮಾ, ಅದರ ಮೇಲೆ ಧಾರಾವಾಹಿಗಳು ಎಂದು ತುರುಕಿ ತುರುಕಿ ಜನರಿಗೆ ಅಜೀರ್ಣ ಮಾಡಿದ್ದೂ ಅದೇ ಕಂಪನಿ. ಆದರೆ ನವೆಂಬರ್ ಕೊನೆಯಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಬಹಿರಂಗ ವೇದಿಕೆಯೊಂದರಲ್ಲಿ ಕಾರಣ ಹೇಳುವಾಗ, ಕೋವಿಡ್ ಕಾಲದ ಚಿತ್ರೀಕರಣದಲ್ಲಿ ಕಂಪನಿಯ ಮೇಲಧಿಕಾರಿಗಳ ಉಸ್ತುವಾರಿ ಸಾಲದಾಯಿತು ಎಂದರು. ಯಜಮಾನರು ಕೈ ತೊಳೆದುಕೊಳ್ಳುವಾಗ ಚೆಲ್ಲುವ ನೀರು ಯಾರ ಮೇಲೆ ಬೀಳುತ್ತದೆ ಎಂಬುದು ಎಲ್ಲ ಕಾಲಕ್ಕೂ ಗೊತ್ತಿರುವ ವಿಷಯ.

ಕಂಪನಿಯ ಬಗ್ಗೆ ನಮಗೆ ಯಾವ ಮಮಕಾರವೂ ಇಲ್ಲ ಎಂಬುದನ್ನೂ ಹೇಳಿಬಿಡಬೇಕು. 2009ರಲ್ಲಿ 400 ಕೋಟಿ ಡಾಲರಿಗೆ ಮಾರ್ವೆಲ್ ಕಾಮಿಕ್ಸನ್ನು ಕೊಂಡ ಡಿಸ್ನಿಗೆ ಕಮಲಾ ಖಾನ್ ಕೂಡ ಒಂದು ಸರಕು. ಲಾಭ ಬರುವಾಗ ವೈವಿಧ್ಯದ ಬಾವುಟ ಹಿಡಿಯುವುದು, ನಷ್ಟವಾದಾಗ ಅದೇ ಬಾವುಟವನ್ನು ಮಡಚಿಡುವುದು ಬಂಡವಾಳದ ಗುಣ. ಈ ಉದ್ಯಮದ ಹುಟ್ಟಿನಲ್ಲೇ ಅನ್ಯಾಯವಿದೆ. ಜೆರ್ರಿ ಸೀಗಲ್, ಜೋ ಶಸ್ಟರ್ ಎಂಬ ಇಬ್ಬರು ಬಡ ಯಹೂದಿ ಹುಡುಗರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಆ ಪಾತ್ರದಿಂದ ಕಂಪನಿಗಳು ಕೋಟಿಗಟ್ಟಲೆ ಗಳಿಸುತ್ತಿದ್ದಾಗ ಸೃಷ್ಟಿಸಿದವರು ಕಷ್ಟದಲ್ಲಿ ದಿನ ದೂಡುತ್ತಿದ್ದರು. 1975ರಲ್ಲಿ, ಸಾರ್ವಜನಿಕವಾಗಿ ಗಲಾಟೆಯಾದ ಮೇಲೆ, ಕಂಪನಿ ಅವರಿಗೊಂದು ವಾರ್ಷಿಕ ಪಿಂಚಣಿ ಕೊಡಲು ಒಪ್ಪಿತು. ಬಾಕ್ಸ್ ಆಫೀಸಿನ ಅಂಕಿ ಹಿಡಿದು ಕುಣಿಯುವ ಅಭಿಮಾನಿಗಳಲ್ಲಿ ಎಷ್ಟು ಜನಕ್ಕೆ ಈ 130 ಡಾಲರಿನ ಅಂಕಿ ಗೊತ್ತಿದೆ? ಲೆಕ್ಕ ಮಾಡುವುದೇ ಆದರೆ ಪೂರ್ತಿ ಲೆಕ್ಕ ಮಾಡಲಿ.

ಕಂಪನಿ ಬೇರೆ, ಕಥೆ ಬೇರೆ. ಕಮಲಾ ಖಾನ್ ಹುಟ್ಟಿದ್ದು ಲಾಭದ ಲೆಕ್ಕಾಚಾರದಿಂದಷ್ಟೇ ಅಲ್ಲ. ಮಾರ್ವೆಲ್‌ನಲ್ಲಿ ಸಂಪಾದಕಿಯಾಗಿದ್ದ ಸನಾ ಅಮಾನತ್ ಪಾಕಿಸ್ತಾನಿ ಮೂಲದ ಮನೆಯಲ್ಲಿ ನ್ಯೂಜೆರ್ಸಿಯಲ್ಲಿ ಬೆಳೆದವರು. ಅವರ ಬಾಲ್ಯದ ನೆನಪುಗಳ ಮಾತುಕತೆಯಿಂದ ಈ ಪಾತ್ರದ ಬೀಜ ಮೊಳೆಯಿತು. ಯೌವನದಲ್ಲಿ ಇಸ್ಲಾಮ್ ಸ್ವೀಕರಿಸಿ ಕೈರೋದಲ್ಲಿ ಬದುಕಿ ಬಂದ ಜಿ. ವಿಲ್ಲೋ ವಿಲ್ಸನ್ ಕಥೆ ಬರೆದರು. ಏಡ್ರಿಯನ್ ಆಲ್ಫೋನಾ ಚಿತ್ರ ಬರೆದರು. 2014ರಲ್ಲಿ ಅವಳದೇ ಪುಸ್ತಕ ‘ಮಿಸ್ ಮಾರ್ವೆಲ್’ ಶುರುವಾಯಿತು. 2015ರಲ್ಲಿ ಅದರ ಮೊದಲ ಸಂಪುಟಕ್ಕೆ ಹ್ಯೂಗೋ ಪ್ರಶಸ್ತಿ ಬಂತು.

ಅದರಲ್ಲಿ ಬರುವ ಒಂದು ಪ್ರಸಂಗ ಹೇಳಿದರೆ ಸಾಕು, ಆ ಪುಸ್ತಕದ ಬನಿ ತಿಳಿಯುತ್ತದೆ. ಜೆರ್ಸಿ ಸಿಟಿಯ ಈ ಹದಿನಾರರ ಹುಡುಗಿಗೆ ಮೊದಲ ಸಲ ಅತಿಮಾನುಷ ಶಕ್ತಿ ಬಂದಾಗ ಅವಳು ತನ್ನಂತೆಯೇ ಇರುವುದಿಲ್ಲ. ತಾನು ಆರಾಧಿಸುವ ಬಿಳಿ ಮೈಯ, ಹೊಂಗೂದಲಿನ ನಾಯಕಿಯ ರೂಪ ತಾಳುತ್ತಾಳೆ. ಬಯಸಿದ್ದು ಕೈಗೆ ಬಂತಲ್ಲ ಎಂದರೆ ಸುಖವಿಲ್ಲ. ಉಡುಪು ಬಿಗಿಯುತ್ತದೆ, ಕೂದಲು ಮುಖಕ್ಕೆ ಬರುತ್ತದೆ, ತಾನು ತಾನಲ್ಲ ಎನ್ನಿಸುತ್ತದೆ. ನೀರಿಗೆ ಬಿದ್ದ ಹುಡುಗಿಯೊಬ್ಬಳನ್ನು ಉಳಿಸಬೇಕಾದ ಗಳಿಗೆಯಲ್ಲಿ, ಜೀವ ಉಳಿಸುವುದರ ಹಿರಿಮೆ ಕುರಿತು ಅಬ್ಬು ಹೇಳುತ್ತಿದ್ದ ಕುರ್‌ಆನಿನ ಮಾತು ನೆನಪಾಗುತ್ತದೆ. ಹಾಗೆ ಉಳಿಸಿದ್ದು ತನ್ನನ್ನು ಹೀಗಳೆದಿದ್ದ ಹುಡುಗಿಯನ್ನೇ. ಮುಂದೆ ಅವಳು ಕಲಿಯುವುದು ತನ್ನದೇ ಮೈಬಣ್ಣದಲ್ಲಿ ನಾಯಕಿಯಾಗುವುದನ್ನು. ಬಿಳಿಯರಾಗಲು ಮುಲಾಮು ಹಚ್ಚುವ ನಮ್ಮ ನಾಡಿನಲ್ಲಿ ಈ ಕಥೆಗೆ ಎಷ್ಟು ಕಿವಿಗಳು ಕಾದಿವೆ ಎಂಬುದನ್ನು ಯಾವ ಬಾಕ್ಸ್ ಆಫೀಸೂ ಅಳೆದಿಲ್ಲ.

2015ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಸ್ಸುಗಳ ಮೇಲೆ ಮುಸ್ಲಿಮರನ್ನು ಹೀಗಳೆಯುವ ಜಾಹೀರಾತುಗಳು ಬಂದವು. ಕೆಲವರು ರಾತ್ರೋರಾತ್ರಿ ಆ ಜಾಹೀರಾತುಗಳ ಮೇಲೆ ಕಮಲಾ ಖಾನಳ ಚಿತ್ರ ಅಂಟಿಸಿ, ದ್ವೇಷದ ಅಕ್ಷರಗಳನ್ನು ಮುಚ್ಚಿದರು. ಒಂದು ಕಾಮಿಕ್ಸ್ ಪುಸ್ತಕ ಓದುಗರ ಕೈಯಲ್ಲಿ ಏನಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅಂಟು ಹಿಡಿದು ಬೀದಿಗೆ ಬಂದವರು ಆ ತಿಂಗಳು ಪುಸ್ತಕ ಎಷ್ಟು ಪ್ರತಿ ಮಾರಾಟವಾಯಿತೆಂದು ಕೇಳಲಿಲ್ಲ.

ಇನ್ನೊಂದು ಬಗೆಯ ಅಭಿಮಾನಿಗಳೂ ಇದ್ದಾರೆ. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಮೊದಲೇ ಅದರ ವಿರುದ್ಧ ಎಷ್ಟು ವಿಷ ಸುರಿಯಿತೆಂದರೆ, ‘ರಾಟನ್ ಟೊಮ್ಯಾಟೋಸ್’ ಎಂಬ ವಿಮರ್ಶೆಯ ತಾಣ ಬಿಡುಗಡೆಗೆ ಮುಂಚೆ ಜನರ ಟೀಕೆಗಳನ್ನು ಹಾಕುವ ಏರ್ಪಾಟನ್ನೇ ತೆಗೆದುಹಾಕಬೇಕಾಯಿತು. 2022ರ ಜೂನ್‌ನಲ್ಲಿ ಕಮಲಾ ಖಾನಳ ಆರು ಕಂತಿನ ಧಾರಾವಾಹಿ ಬಂದಾಗಲೂ ಹತ್ತಕ್ಕೆ ಒಂದು ಅಂಕ ಕೊಡುವವರ ದಂಡೇ ನುಗ್ಗಿತು. ಇಷ್ಟೆಲ್ಲ ವಿಷಕ್ಕೆ ಗುರಿಯಾದ ಧಾರಾವಾಹಿಯಲ್ಲಿ ಇದ್ದದ್ದೇನು? ಅಮ್ಮಿ, ಅಬ್ಬು, ಅಣ್ಣ, ಮದುವೆಮನೆ, ಮಸೀದಿಯ ಸಮಿತಿಯ ಚುನಾವಣೆ, 1947ರ ವಿಭಜನೆಯ ರೈಲು. ಕಮಲಾಳ ಮುತ್ತಜ್ಜಿಯ ಬಳೆಯ ಜೊತೆಗೆ ದೇಶ ಎರಡಾದ ನೋವೂ ಅವಳ ಪಾಲಿಗೆ ಬರುತ್ತದೆ. ಅಬ್ಬುವಿನ ಪಾತ್ರ ಮಾಡಿದ್ದು ಮುಂಬಯಿಯ ಮೋಹನ್ ಕಪೂರ್. ಕಮಲಾ ಆದ ಇಮಾನ್ ವೆಲ್ಲಾನಿ ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಹುಡುಗಿ. ಭಾರತ ಪಾಕಿಸ್ತಾನದ ನಟರು ಒಂದೇ ಮನೆಯವರಾಗಿ ಕಂಡ ಅಪರೂಪದ ಕೆಲಸ ಅದು.

ಅದೇ ವರ್ಷ ನಮ್ಮ ರಾಜ್ಯದಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಮರೆಯಲಾದೀತೆ? 2022ರ ಫೆಬ್ರವರಿ 5ರಂದು ಸಮವಸ್ತ್ರದ ಸರ್ಕಾರಿ ಆದೇಶ ಬಂತು. ತಲೆಗೆ ವಸ್ತ್ರ ಹಾಕಿದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ನಡುವೆ ಬಂದ ಧಾರಾವಾಹಿಯಲ್ಲಿ ಕಮಲಾ ಹಿಜಾಬ್ ಹಾಕುವುದಿಲ್ಲ. ಅವಳ ಗೆಳತಿ ನಾಕಿಯಾ ಹಾಕುತ್ತಾಳೆ. ಹಾಕಿಕೊಂಡೇ ಮಸೀದಿಯ ಸಮಿತಿಗೆ ಚುನಾವಣೆಗೆ ನಿಲ್ಲುತ್ತಾಳೆ, ಹೆಂಗಸರು ನಮಾಜು ಮಾಡುವ ಜಾಗದ ದುರವಸ್ಥೆಯ ಬಗ್ಗೆ ಹಿರಿಯರನ್ನು ಕೇಳುತ್ತಾಳೆ. ಹಾಕುವವಳೂ ಹಾಕದವಳೂ ಜೀವದ ಗೆಳತಿಯರು. ನಮ್ಮ ಟಿವಿ ಚಾನೆಲ್ಲುಗಳು ತಿಂಗಳುಗಟ್ಟಲೆ ಕಿರುಚಾಡಿಯೂ ತೋರಿಸಲಾಗದ ಈ ಸರಳ ಸತ್ಯವನ್ನು ಒಂದು ಕಾಮಿಕ್ಸ್ ಕಥೆ ತೋರಿಸಿತು. ಗೇಟಿನ ಹೊರಗೆ ನಿಂತ ಹುಡುಗಿಗೆ ಇಂಥ ಕಥೆ ಬೇಕಿತ್ತೋ ಬೇಡವೋ? ಬೇಡ ಎಂದು ಅಮೆರಿಕದ ವಾರಾಂತ್ಯದ ಗಲ್ಲಾಪೆಟ್ಟಿಗೆ ತೀರ್ಪು ಕೊಟ್ಟಿದೆ ಎನ್ನುವವರನ್ನು ನಾವು ಒಪ್ಪಲಾರೆವು.

ಈ ಗಲ್ಲಾಪೆಟ್ಟಿಗೆ ನಿಜವಾಗಿ ಏನನ್ನು ಅಳೆಯುತ್ತದೆ? ಫ್ರಾನ್ಸಿನಲ್ಲಿ, ದಕ್ಷಿಣ ಕೊರಿಯಾದಲ್ಲಿ ಸರ್ಕಾರದ ಸಿನಿಮಾ ಸಂಸ್ಥೆಗಳು ಒಂದು ಚಿತ್ರಕ್ಕೆ ಎಷ್ಟು ಟಿಕೆಟ್ ಹರಿದವು ಎಂದು ಎಣಿಸಿ ಪ್ರಕಟಿಸುತ್ತವೆ. ಅಲ್ಲಿ ತಲೆಗಳ ಲೆಕ್ಕ. ನಮ್ಮಲ್ಲಿ ರೂಪಾಯಿಯ ಲೆಕ್ಕ, ಅದೂ ಬಹುಪಾಲು ನಿರ್ಮಾಪಕರೇ ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ ಲೆಕ್ಕ. ನೂರು ರೂಪಾಯಿ ಕೊಟ್ಟು ಐದು ಜನ ನೋಡಿದ ಚಿತ್ರವೂ ಐನೂರು ಕೊಟ್ಟು ಒಬ್ಬನೇ ನೋಡಿದ ಚಿತ್ರವೂ ಈ ಲೆಕ್ಕದಲ್ಲಿ ಸಮ. ಒಬ್ಬ ಮಾಲಿನ ಗಿರಾಕಿ ಐದು ಜನ ಕೂಲಿಗಳಿಗೆ ಸಮವಾಗುವ ಈ ಮತಪೆಟ್ಟಿಗೆಯನ್ನು ಜನಾಭಿಪ್ರಾಯ ಎಂದು ಕರೆಯುವುದಾದರೂ ಹೇಗೆ? ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರೂ ನಿರ್ಮಾಪಕರೂ ಕೋರ್ಟಿಗೆ ಹೋದರು. ಅದೇ ತಿಂಗಳು ಹೈಕೋರ್ಟು ತಡೆ ನೀಡಿತು. ಸಾಮಾನ್ಯರ ಜೇಬಿಗೆ ನೇರವಾಗಿ ತಟ್ಟುವ ಈ ವಿಷಯದಲ್ಲಿ ಅಭಿಮಾನಿ ಸಂಘಗಳು ಬೀದಿಗೆ ಬರಬೇಕಿತ್ತು. ತನ್ನ ಜೇಬಿನಿಂದ ಹೋದದ್ದನ್ನೇ ನೆಚ್ಚಿನ ನಟನ ದಾಖಲೆ ಎಂದು ಸಂಭ್ರಮಿಸುವುದಕ್ಕೆ ಏನೆನ್ನಬೇಕು?

ಹಿಂದೆಯೂ ಅಭಿಮಾನಿಗಳು ಲೆಕ್ಕ ಇಡುತ್ತಿದ್ದರು, ಆದರೆ ದಿನಗಳ ಲೆಕ್ಕ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎಂಬುದನ್ನು ಕನ್ನಡಿಗರು ಇಂದಿಗೂ ಹೇಳುತ್ತಾರೆ. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರ ಮಾತನ್ನೂ ಹೇಳುತ್ತಾರೆ. ಅದು ಎಷ್ಟು ಲಕ್ಷ ಗಳಿಸಿತು ಎಂದು ಮಾತ್ರ ಯಾರಿಗೂ ನೆನಪಿಲ್ಲ, ನೆನಪಿಡುವ ಅಗತ್ಯವೂ ಕಂಡಿಲ್ಲ. ಸೋತವರ ಕಥೆಯೂ ಹೀಗೆಯೇ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರ ‘ಕಾಗಜ್ ಕೆ ಫೂಲ್’ 1959ರಲ್ಲಿ ಬಂದು ನೆಲಕಚ್ಚಿತು. ಆ ಪೆಟ್ಟಿಗೆ ಅವರು ಮತ್ತೆಂದೂ ನಿರ್ದೇಶಕರಾಗಿ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಇಂದು ಅದನ್ನು ಸಿನಿಮಾ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಆ ವರ್ಷ ಗೆದ್ದ ಎಷ್ಟೋ ಚಿತ್ರಗಳ ಹೆಸರು ಹೇಳುವವರಿಲ್ಲ.

ಲೆಕ್ಕ ಎಂದರೇನೆಂದು ನಮ್ಮ ಭಾಗದ ಜನಕ್ಕೆ ಗೊತ್ತಿಲ್ಲವೆಂದಲ್ಲ. ಕೊಣನೂರಿನ ಸುತ್ತ ಹೊಗೆಸೊಪ್ಪು ಬೆಳೆಯುವ ರೈತರು ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾದು, ಎಲೆ ಹದಮಾಡಿ, ಬೇಲು ಕಟ್ಟಿ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಗ್ರೇಡು ಹೇಳುವವರು ಬೇರೆ, ಕೊಳ್ಳುವವರು ಬೇರೆ, ದರ ಕೂಗುವವರು ಬೇರೆ. ದರ ಬಿದ್ದ ದಿನ ರೈತ ಸುಮ್ಮನೆ ತಲೆಬಾಗುವುದಿಲ್ಲ. ಮಳೆ ಹೆಚ್ಚಾಯಿತೆ, ಕೊಳ್ಳುವ ಕಂಪನಿಗಳು ಎಷ್ಟು ಬಂದಿವೆ, ಒಳಗೊಳಗೇ ಮಾತಾಡಿಕೊಂಡಿದ್ದಾರೆಯೆ, ಕಳೆದ ವಾರದ ಎಲೆಗೆ ಎಷ್ಟಿತ್ತು ಎಂದೆಲ್ಲ ಕೇಳುತ್ತಾನೆ. ಬೇಕಾದರೆ ಹರಾಜು ನಿಲ್ಲಿಸಿ ಧರಣಿ ಕೂರುತ್ತಾನೆ. ಕಡಿಮೆ ದರ ಬಂದದ್ದಕ್ಕೆ ಬೆಳೆದವನ ಜಾತಿಯೋ ಧರ್ಮವೋ ಕಾರಣ ಎಂದು ಅವನು ಎಂದೂ ಹೇಳಿದ್ದಿಲ್ಲ. ಅಪ್ಪನಿಗೆ ಇರುವ ಈ ಸಾಮಾನ್ಯ ತಿಳಿವಳಿಕೆ, ಮೊಬೈಲು ಹಿಡಿದ ಮಗನಿಗೆ ಸಿನಿಮಾದ ವಿಷಯ ಬಂದಾಗ ಎಲ್ಲಿ ಕಳೆದುಹೋಗುತ್ತದೆ? ಬೇರೆಯವರ ನಷ್ಟದಲ್ಲಿ ಅವನಿಗೆ ಸಿಗುವ ಸಂತೋಷವಾದರೂ ಎಂಥದ್ದು?

ಉತ್ತರ ಕಷ್ಟವೇನಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಅಸಹನೆಗೆ ಅಂಕಿಯ ಉಡುಪು ತೊಡಿಸಿದರೆ ಅದು ಸಭ್ಯವಾಗಿ ಕಾಣುತ್ತದೆ. ‘ನನಗೆ ಅವಳನ್ನು ಕಂಡರೆ ಆಗುವುದಿಲ್ಲ’ ಎಂದರೆ ನಾಲ್ಕು ಜನ ಬೈಯಬಹುದು. ‘ಅವಳಿಗೆ ಮಾರ್ಕೆಟ್ ಇಲ್ಲ’ ಎಂದರೆ ಅದು ವ್ಯವಹಾರಜ್ಞಾನ. ಮುಸ್ಲಿಮ್ ಹಣ್ಣಿನ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ ಎಂದು ಮೈಕು ಹಿಡಿದವರೂ, ಜಾತ್ರೆಗಳಲ್ಲಿ ಮಳಿಗೆ ಕೊಡಬೇಡಿ ಎಂದವರೂ ಮಾರುಕಟ್ಟೆಯ ಭಾಷೆಯನ್ನೇ ಆಡಿದರು ಎಂಬುದನ್ನು ನಾವು ಕಂಡಿದ್ದೇವೆ. ಸಿನಿಮಾದ ಮಾತು ಅಷ್ಟು ಕ್ರೂರವಲ್ಲ, ಒಪ್ಪೋಣ. ಆದರೆ ಅದೇ ಬಾಯಿ ಈ ಮಾತಿನಿಂದಲೇ ಅಭ್ಯಾಸ ಶುರುಮಾಡುತ್ತದೆ.

ಇಲ್ಲಿ ನಮ್ಮ ಕಡೆಯವರಿಗೂ ಒಂದು ಎಚ್ಚರಿಕೆ ಇದೆ. 2025ರ ಆಗಸ್ಟಿನಲ್ಲಿ ‘ಲೋಕಃ’ ಎಂಬ ಮಲಯಾಳಂ ಚಿತ್ರ ಬಂತು. ನಾಯಕಿಯೇ ಸೂಪರ್‌ಹೀರೋ, ಕಥೆ ನಡೆಯುವುದು ಬೆಂಗಳೂರಿನಲ್ಲಿ, ಬೇರು ಕೇರಳದ ಕಳ್ಳಿಯಂಗಾಟ್ಟು ನೀಲಿಯ ಜಾನಪದ ಕಥೆಯಲ್ಲಿ. ಅದು 300 ಕೋಟಿ ರೂಪಾಯಿ ಗಳಿಸಿದೆ, ಹೆಣ್ಣು ನಾಯಕಿಯಾದರೆ ಜನ ಬರುವುದಿಲ್ಲ ಎಂದವರ ಬಾಯಿ ಮುಚ್ಚಿಸಿದೆ ಎಂದು ಪ್ರಗತಿಪರ ಮಿತ್ರರು ಬೀಗಿದರು. ಸುಳ್ಳನ್ನು ಒಡೆಯಲು ಆ ಅಂಕಿ ಸಾಕು ನಿಜ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡರೆ, ನಾಳೆ ಇನ್ನೊಬ್ಬ ನಾಯಕಿಯ ಚಿತ್ರ ಸೋತಾಗ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಎದುರಾಳಿಯ ತಕ್ಕಡಿಯಲ್ಲಿ ಕೂತು ಗೆದ್ದವರು ಅದೇ ತಕ್ಕಡಿಯಲ್ಲಿ ಸೋಲಲೂ ಸಿದ್ಧರಿರಬೇಕಾಗುತ್ತದೆ. ಆ ಚಿತ್ರದ ಬಗ್ಗೆ ನಡೆದ ಇನ್ನೊಂದು ಜಗಳ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ಕನ್ನಡಿಗರು ಆಕ್ಷೇಪ ಎತ್ತಿದರು. ನಿರ್ಮಾಪಕರು ಕ್ಷಮೆ ಕೇಳಿ ಆ ಮಾತನ್ನು ಸರಿಪಡಿಸಲು ಒಪ್ಪಿದರು. ಆಕ್ಷೇಪ ಸರಿಯೋ ಅತಿಯೋ ಎಂದು ವಾದಿಸಬಹುದು. ಆದರೆ ಅದು ಪ್ರೇಕ್ಷಕರು ಆಡಬೇಕಾದ ಜಗಳ. ತೆರೆಯ ಮೇಲೆ ಏನು ಹೇಳಿದ್ದೀರಿ, ಯಾರ ಬಗ್ಗೆ ಹೇಳಿದ್ದೀರಿ, ಏಕೆ ಹೇಳಿದ್ದೀರಿ ಎಂಬ ಪ್ರಶ್ನೆಗಳು ಅಲ್ಲಿದ್ದವು.

ಕನ್ನಡದಲ್ಲಿ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಇನ್ನೊಂದು ಅಡ್ಡಿಯೂ ಇತ್ತು. ಡಬ್ಬಿಂಗ್‌ಗೆ ಅರ್ಧ ಶತಮಾನ ಕಾಲ ಇದ್ದ ಅಘೋಷಿತ ನಿಷೇಧದಿಂದಾಗಿ ಇಂಥ ಚಿತ್ರಗಳು ನಮ್ಮ ಮಕ್ಕಳಿಗೆ ತಲುಪಿದ್ದು ಹಿಂದಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ, ಇಲ್ಲವೇ ಅರ್ಥವಾಗದ ಇಂಗ್ಲಿಷಿನಲ್ಲಿ. 2015ರಲ್ಲಿ ಸ್ಪರ್ಧಾ ಆಯೋಗ ಆ ನಿಷೇಧದ ಹಿಂದಿದ್ದ ಸಂಸ್ಥೆಗಳಿಗೆ ದಂಡ ಹಾಕಿತು. 2022ರಲ್ಲಿ ‘ಅವತಾರ್’ ಎರಡನೆಯ ಭಾಗ ಕನ್ನಡದಲ್ಲೂ ಬಂತು. ಮಾತು ಅರ್ಥವಾಗದವನಿಗೆ ಉಳಿಯುವುದು ಹೊಡೆದಾಟ ಮತ್ತು ಅಂಕಿ ಮಾತ್ರ. ಕಥೆ ತನ್ನ ಭಾಷೆಯಲ್ಲಿ ಕಿವಿಗೆ ಬಿದ್ದವನು ಕಥೆಯ ಬಗ್ಗೆ ಮಾತಾಡುವ ಸಾಧ್ಯತೆ ಇದೆ. ಬಾಲಮಂಗಳದ ಡಿಂಗನನ್ನು ಕನ್ನಡದಲ್ಲಿ ಓದಿದ ಮಕ್ಕಳು ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಶಾಲೆಯ ಜಗಲಿಯಲ್ಲಿ ಜಗಳವಾಡಿದ್ದುಂಟು. ಬಾಲಮಂಗಳದ ಮಾಲೀಕರಿಗೆ ಎಷ್ಟು ಲಾಭವಾಯಿತೆಂದು ಆ ಮಕ್ಕಳು ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡವರಾದ ಮೇಲೆ ನಾವು ಆ ಮಕ್ಕಳಿಗಿಂತ ದಡ್ಡರಾದೆವೆ?

ಆದ್ದರಿಂದ ಅಭಿಮಾನಿ ಮಿತ್ರರಲ್ಲಿ ನಮ್ಮ ಕೋರಿಕೆ ಸಣ್ಣದು. ಚಿತ್ರ ಕೆಟ್ಟದ್ದಾಗಿದ್ದರೆ ಕೆಟ್ಟದ್ದೆನ್ನಿ, ಆದರೆ ನೋಡಿ ಅನ್ನಿ. ಸೋಲಿಗೆ ಕಾರಣ ಹುಡುಕುವುದಾದರೆ ಗಂಡಸಿನ ಸೋಲಿಗೂ ಹೆಂಗಸಿನ ಸೋಲಿಗೂ, ನಮ್ಮವನ ಸೋಲಿಗೂ ಪರರ ಸೋಲಿಗೂ ಒಂದೇ ಮಾನ ಇಟ್ಟು ಅಳೆಯಿರಿ. ಕೋಟಿಗಳ ಚಿಂತೆಯನ್ನು ಆ ಕೋಟಿಗಳ ಯಜಮಾನರಿಗೇ ಬಿಡಿ. ಅವರು ನಿಮಗಾಗಲಿ ನಮಗಾಗಲಿ ಅದರಲ್ಲಿ ಒಂದು ಕಾಸಿನ ಪಾಲೂ ಕೊಡುವವರಲ್ಲ.

ಇನ್ನು ಕಮಲಾ ಖಾನಳ ವಿಷಯ. ಅವಳ ಪುಸ್ತಕಗಳು ಚಿತ್ರ ಬರುವ ಮೊದಲೂ ಇದ್ದವು, ಸೋತ ಮೇಲೂ ಇವೆ. ಅವು ಕನ್ನಡದಲ್ಲಿ ಬರಬೇಕು. ನಮ್ಮೂರ ವಾಚನಾಲಯಗಳ ಕಪಾಟಿನಲ್ಲಿ ಅಮರ ಚಿತ್ರಕಥೆಯ ಪಕ್ಕದಲ್ಲೇ ಅವಕ್ಕೂ ಜಾಗ ಸಿಗಬೇಕು. ಯಾವ ಹುಡುಗಿ ಅದನ್ನು ಎತ್ತಿಕೊಳ್ಳುತ್ತಾಳೆ, ಅವಳ ತಲೆಯ ಮೇಲೆ ವಸ್ತ್ರ ಇರುತ್ತದೋ ಮಲ್ಲಿಗೆ ಹೂವು ಇರುತ್ತದೋ ನಾವು ಹೇಳಲಾರೆವು. ಅವಳು ಅದನ್ನು ಓದಿ ಮುಚ್ಚಿಟ್ಟ ಮೇಲೆ ಅವಳ ಗೆಳತಿ ಕೇಳಬೇಕಾದ ಪ್ರಶ್ನೆ ಒಂದೇ: ‘ಕಥೆ ಹೆಂಗೈತೆ?’